ಬೂರುಗದ ದಿಂಬು

"ತಲೆ ಎತ್ತಿ ಹಿಡ್ಕೋ ಸಫ್ದರ್, ದಿಂಬು ನಾನು ತೆಗೀತೀನಿ" ಎಂದು ಜೊಹರಾ ಮಂಚದ ಕಡೆ ಬಗ್ಗಿದಳು.

ಮೈದುನ ಸಫ್ದರ್ ಅಣ್ಣನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಿದ. ದಿಂಬಿನ ಎರಡು ಕೊನೆಗೂ ದಪ್ಪ ನೇಯ್ಗೆಯ ಪಟ್ಟಿಗಳನ್ನು ಹಿಡಿಕೆಯ ಹಾಗೆ ಹೊಲಿದಿತ್ತು. ಜೊಹರಾ ಒಂದು ಪಟ್ಟಿ ಹಿಡಿದು ದಿಂಬನ್ನು ಹೊರಗೆಳೆದಳು. ನಡುವೆ ಗಂಡನ ತಲೆ ಇದ್ದ ತಗ್ಗು ಹಾಗೇ ಉಳಿದಿತ್ತು. ಒತ್ತಿ ಹಿಡಿದರೆ ಅದೂ ಹೋಗಿಬಿಡುತ್ತದೆಂದು ಅವಳು ಅದನ್ನು ಮೈಗೆ ತಾಗಿಸಿಕೊಳ್ಳಲಿಲ್ಲ.

"ಅದನ್ನ ಹಿತ್ತಲಿಗೆ ಹಾಕಿಬಿಡಿ ಭಾಬಿ. ಕಾಯಿಲೆಯವರ ದಿಂಬು."

"ಹಾಕ್ತೀನಿ. ನಿನಗೇನು ಅದರ ಅವಸರ?"

ಬೆಳಕು ಹರಿಯುವ ಮೊದಲೇ ಅಬ್ದುಲ್ ರಹೀಮ್ ತೀರಿಕೊಂಡಿದ್ದ. ಮೂಡಿಗೆರೆಯಲ್ಲಿ ಅವನ ಹೆಸರು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಂಡೀತು. 'ಕುಶನ್ ಸಾಬರು' ಎಂದರೆ ಮಾತ್ರ ಗೋಣಿಬೀಡಿನಿಂದ ಸಂಸೆಯವರೆಗೆ ಗೊತ್ತು. ಈ ಗುಡ್ಡಗಳಲ್ಲಿ ಓಡುವ ಜೀಪುಗಳ, ವ್ಯಾನುಗಳ, ಲಾರಿಗಳ ಸೀಟು ಒಂದಲ್ಲ ಒಂದು ಸಲ ಅವನ ಕೈಯಡಿ ಬಂದದ್ದೇ. ಜನ ಅವನ ಕೆಲಸದ ಮೇಲೆ ಕೂತು ಮದುವೆಗೆ ಹೋದರು, ಕೋರ್ಟಿಗೆ ಹೋದರು, ಹೆರಿಗೆಗೆ ಹೋದರು. ಕೂತ ಮೇಲೆ ಸೀಟು ಹೊಲಿದವನನ್ನು ಯಾರು ನೆನೆಸಿಕೊಳ್ಳುತ್ತಾರೆ?

ಆದರೆ ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಮನೆಯ ಮುಂದೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡವರು ಈಗ ಅವನ ಕೈಗುಣ ಹೊಗಳುತ್ತಿದ್ದರು. ಮನೆಯ ಮುಂಭಾಗವೇ ಅಂಗಡಿ. ಶಟರ್ ಅರ್ಧಕ್ಕೆ ಇಳಿದಿತ್ತು. ಜೊಹರಾ ಒಳಕೋಣೆಯ ಕಿಟಕಿಯ ಪರದೆಯ ಹಿಂದೆ, ಪಕ್ಕದ ಮನೆಯ ರಾಮಮ್ಮನ ಜೊತೆ ಕೂತಿದ್ದಳು. ಗಂಡ ಸತ್ತ ಗಳಿಗೆಯಿಂದಲೇ ಇದ್ದತ್ ಶುರು. ತಿಂಗಳುಗಟ್ಟಲೆ ಅವಳು ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ.

"ನನ್ನ ಬೆನ್ನು ಇವತ್ತಿಗೂ ನೆಟ್ಟಗಿದ್ರೆ ಅದು ರಹೀಂ ಹಾಕಿಕೊಟ್ಟ ಸೀಟಿಂದ" ಎನ್ನುತ್ತಿದ್ದ ಕಳಸದ ಬಸ್ಸಿನ ಡ್ರೈವರ್ ಗುರುವಯ್ಯ. "ಕೊಟ್ಟಿಗೆಹಾರದ ತಿರುವಲ್ಲಿ ಬಸ್ಸು ಅಲ್ಲಾಡ್ಬಹುದು, ಸೀಟು ಅಲ್ಲಾಡ್ತಿರಲಿಲ್ಲ ಮಾರಾಯ."

ಅಷ್ಟರಲ್ಲಿ ಬಿಳಿ ಜಿಪ್ಸಿಯೊಂದು ಬಂದು ನಿಂತಿತು. ಇಳಿದದ್ದು ಗೋಣಿಬೀಡಿನ ಹತ್ತಿರದ ದೊಡ್ಡ ಎಸ್ಟೇಟಿನ ಯಜಮಾನ ದಿಲೀಪ್. ಕುರ್ಚಿಯಲ್ಲಿದ್ದವರು ಎದ್ದರು. ಆತ ಒಳ್ಳೆಯ ಮನುಷ್ಯನೇ. ಕುಶನ್ ಸಾಬರಿಗೆಂದು ಇಷ್ಟು ದೂರ ಯಾವ ಸಾಹುಕಾರ ಬಂದಾನು? ಚಪ್ಪಲಿ ಬಿಟ್ಟು, ಹೆಣದ ಕಾಲ ಹತ್ತಿರ ಹೂವಿಟ್ಟು, ಕೈಕಟ್ಟಿ ನಿಂತ.

"ಹೋದ ತಿಂಗಳು ತಾನೆ ನಮ್ಮ ಬೋಟಿನ ಸೀಟು ಮಾಡಿಕೊಟ್ಟಿದ್ದ" ಎಂದು ಸಫ್ದರನ ಹೆಗಲು ಮುಟ್ಟಿದ. "ಬೆಂಗಳೂರಲ್ಲೂ ಅಂಥ ಕೆಲಸ ಆಗ್ತಿರಲಿಲ್ಲ. ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ನೀರಿಗಿಳಿಸ್ತಿದೀವಿ ಸಫ್ದರ್. ರಹೀಂ ನೋಡ್ಬೇಕಿತ್ತು. ನೆಂಟರೆಲ್ಲ ಬಂದ್ಬಿಟ್ಟಿದಾರೆ, ಮುಂದೆ ಹಾಕೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ."

"ಅಯ್ಯೋ, ಅದಕ್ಕೇನು ಸರ್."

ಗುರುವಯ್ಯನಿಗೆ ಬಾಯಿ ಸುಮ್ಮನಿರಲಿಲ್ಲ. "ಮಕ್ಕಳೂ ಕೂರ್ತಾರಾ ಸರ್? ನಿಮ್ಮ ಆ ಕೆರೆ ಅಡಿಲಿ ಕಡಿದ ಸಿಲ್ವರ್ ಓಕಿನ ಬೊಡ್ಡೆಗಳು ಇನ್ನೂ ಇದಾವಲ್ಲ."

"ಕೂರದೆ ಬಿಡ್ತಾರಾ? ನನ್ನ ಮಗಳು ರಕ್ಷಾ ರಾತ್ರಿಯಿಡೀ ನಿದ್ದೇನೇ ಮಾಡಿಲ್ಲ. ಅವಳಿಗೆ ಈಜು ಬರಲ್ಲ. ಜಾಕೆಟ್ಟು ಎರಡೇ ಇರೋದು, ನೆಂಟರಿಗೆ ಕೊಡ್ತೀವಿ. ನಮಗೆ ಸೀಟೇ ಸಾಕು. ಮಂಗಳೂರಲ್ಲಿ ಬೋಟು ಕೊಟ್ಟವರು ಹೇಳಿದಾರಲ್ಲ, ಈ ಸೀಟು ಬರೀ ಕೂರೋಕಲ್ಲ, ಹೆಚ್ಚುಕಮ್ಮಿ ಆದ್ರೆ ಎತ್ತಿ ನೀರಿಗೆ ಹಾಕಿ ಪಟ್ಟಿ ಹಿಡ್ಕೊಂಡ್ರಾಯ್ತು, ಮುಳುಗೋದೇ ಇಲ್ಲ ಅಂತ."

ಪರದೆಯ ಹಿಂದೆ ಜೊಹರಾ ಕೆಳಗೆ ನೋಡಿದಳು. ಅವಳ ತೊಡೆಯ ಮೇಲಿದ್ದ ದಿಂಬಿನಲ್ಲಿ ಆ ಪಟ್ಟಿಗಳಿದ್ದವು.

* * *

ಕಾಫಿಗೆ ಕಂಡುಕೇಳರಿಯದ ರೇಟು ಬಂದ ವರ್ಷಗಳಲ್ಲಿ ಎಸ್ಟೇಟಿನವರು ಒಬ್ಬೊಬ್ಬರು ಒಂದೊಂದು ಹುಚ್ಚು ಹಚ್ಚಿಕೊಂಡರು. ಒಬ್ಬರು ಕುದುರೆ ತಂದರು, ಇನ್ನೊಬ್ಬರು ಬಂಗಲೆಗೆ ಗಾಜಿನ ಮಾಡು ಹಾಕಿಸಿದರು. ದಿಲೀಪ್ ಮಂಗಳೂರಿನಿಂದ ಹಳೆಯದೊಂದು ಬೋಟು ತಂದ. ಕಾಲಿಗೆ ಹಲಗೆ ಕಟ್ಟಿಕೊಂಡವರನ್ನು ಹಗ್ಗದಲ್ಲಿ ಎಳೆದುಕೊಂಡು ಹೋಗಿ ನೀರಿನ ಮೇಲೆ ಜಾರಿಸುವ ಬೋಟಂತೆ. ಸ್ಪ್ರಿಂಕ್ಲರಿಗೆಂದು ಕಟ್ಟಿಸಿದ ಎಸ್ಟೇಟಿನ ಕೆರೆ ದೊಡ್ಡದೇ ಇತ್ತು. ತೋಟದ ಒಂದು ತಗ್ಗಿನ ಪಟ್ಟೆಯನ್ನೇ ಮುಳುಗಿಸಿ ಮಾಡಿದ್ದ ಕೆರೆ ಅದು.

ಬೋಟಿನ ಸೀಟುಗಳನ್ನು ಓಂಕಾರಪ್ಪನ ಜೀಪಿನಲ್ಲಿ ಹೇರಿಕೊಂಡು ಬಂದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಓಂಕಾರಪ್ಪ ಮೂಡಿಗೆರೆಯ ಬಾಡಿಗೆ ಜೀಪಿನವನು, ರಹೀಮನ ಬಾಲ್ಯದ ಗೆಳೆಯ. ರೈಟರು "ಹೊಸದರ ಹಾಗೆ ಮಾಡ್ಬೇಕಂತೆ" ಎಂದು ಹೇಳಿ ಹೋದ. ಸೀಟು ತೇಲುವ ಮಾತು ಅವನಿಗೆ ಗೊತ್ತಿತ್ತೋ ಇಲ್ಲವೋ, ಅಂತೂ ಆಡಲಿಲ್ಲ.

ಬಿಳಿ ಕೆಂಪು ರೆಕ್ಸಿನ್ನು ಬಿಸಿಲಿಗೆ ಬಿರಿದು ಹಪ್ಪಳದ ಹಾಗಾಗಿತ್ತು. ಹೊಲಿಗೆ ಬಿಟ್ಟ ಕಡೆ ಇಲಿ ಗೂಡು ಕಟ್ಟಿತ್ತು. ರಹೀಮ್ ಒಂದು ಸೀಟನ್ನು ಬ್ಲೇಡಿನಿಂದ ಸೀಳಿ ನೋಡಿ ನಕ್ಕುಬಿಟ್ಟ.

"ಬಾ ಇಲ್ಲಿ ಜೊಹರಾ, ತಮಾಷೆ ನೋಡು. ಬೂರುಗದ ಹತ್ತೀನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬೆಸೆದು ಒಳಗಿಟ್ಟಿದಾರೆ. ಉಪ್ಪಿನಕಾಯಿ ಕಟ್ಟಿದ ಹಾಗೆ!"

"ಚೆನ್ನಾಗಿದೆಯಲ್ಲ ಹತ್ತಿ. ನೀವೇನು ಮಾಡ್ತೀರಿ ಅದನ್ನ?"

"ಎಸೀತೀನಿ. ಸೀಟಿಗೆ ಇದು ಆಗಲ್ಲ, ಕೂತರೆ ಚಪ್ಪಟೆ. ಕೆಳಗೆ ನಾರು, ಮೇಲೆ ಸ್ಪಂಜು, ಇಪ್ಪತ್ತು ವರ್ಷ ಅಲ್ಲಾಡಲ್ಲ."

"ಎಸೀಬೇಡಿ. ನಂಗೆ ಕೊಡಿ, ದಿಂಬು ಮಾಡ್ತೀನಿ."

ಸೀಟುಗಳನ್ನು ಬೋಟಿಗೆ ಕೂರಿಸಿರಲೇ ಇಲ್ಲ. ಬರೀ ಇಟ್ಟಿದ್ದರು ಅಷ್ಟೆ, ಬೇಕೆಂದಾಗ ಎತ್ತಬಹುದು. ಪಕ್ಕಕ್ಕೆ ಎರಡೆರಡು ಪಟ್ಟಿ ಬೇರೆ. ಅದನ್ನು ಕಂಡು ರಹೀಮನಿಗೆ ಸಿಟ್ಟೇ ಬಂತು. ಆಯುಷ್ಯವಿಡೀ ಅವನು ಘಾಟಿಯ ರಸ್ತೆಯ ಸೀಟು ಮಾಡಿದವನು. ಅವನ ಲೆಕ್ಕದಲ್ಲಿ ಅಲ್ಲಾಡುವ ಸೀಟಿನಷ್ಟು ಕೆಟ್ಟದ್ದು ಯಾವುದೂ ಇಲ್ಲ.

"ಇದ್ಯಾವ ಕಂತ್ರಿ ಕೆಲಸ! ತಿರುವಲ್ಲಿ ಮಕ್ಕಳು ಸೀಟು ಸಮೇತ ನೀರಿಗೆ ಬೀಳ್ಬೇಕಾ?" ಎಂದು ಬೈದು, ಪಟ್ಟಿಗಳನ್ನು ಕತ್ತರಿಸಿ ಒಗೆದ. ಸೀಟಿನಡಿಗೆ ಪ್ಲೈವುಡ್ ಕೊಟ್ಟ. ಸಫ್ದರನನ್ನು ಎಸ್ಟೇಟಿಗೆ ಕರೆದುಕೊಂಡು ಹೋಗಿ, ಒಂದೊಂದನ್ನೂ ಕೆಳಗಿನಿಂದ ಹೊರಗೆ ಕಾಣದ ಹಾಗೆ ಸ್ಕ್ರೂ ಹಾಕಿ ಬಿಗಿಸಿಬಂದ. ಕತ್ತರಿಸಿದ ಪಟ್ಟಿಗಳಲ್ಲಿ ಎರಡನ್ನು ಜೊಹರಾ ಆಯ್ದುಕೊಂಡು, ಬಿಸಿಲಿಗೆ ತೂಗುಹಾಕಲು ಆಗಲಿ ಎಂದು ದಿಂಬಿಗೆ ಹೊಲಿದಳು. ಹೊಲಿಗೆ ಅವಳಿಗೂ ಬರುತ್ತಿತ್ತು. ಅಂಗಡಿಯ ದಬ್ಬಳದಲ್ಲಿ ನಾಲ್ಕು ಸುತ್ತು ಹಾಕಿ ಹೊಲಿದಿದ್ದಳು.

* * *

ಜೊಹರಾಳಿಗೆ ಅನುಮಾನ ಗಟ್ಟಿಯಾಗುವ ಮೊದಲೇ ದಿಲೀಪ್ ಹೊರಟುಹೋದ. ಜಿಪ್ಸಿಯ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ಹೊರಗೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮೋಡ ಗುಡ್ಡದ ಮೇಲಿಂದ ಇಳಿದು ಊರಿನ ನೆತ್ತಿಯ ಮೇಲೆ ಕೂತುಬಿಟ್ಟಿತ್ತು.

ಜೊಹರಾ ಎದ್ದು ಹಿತ್ತಲಿಗೆ ಹೋದಳು. ಟಾರ್ಪಾಲಿನ ಮರೆ ಕಟ್ಟಿ ಅದರಾಚೆ ಗಂಡಸರು ರಹೀಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಚೊಂಬಿನಿಂದ ನೀರು ಬೀಳುವ ಸದ್ದು ನಿಂತು ನಿಂತು ಕೇಳುತ್ತಿತ್ತು. ಈಚೆ ಸಿಮೆಂಟಿನ ತೊಟ್ಟಿ ತುಂಬಿತ್ತು. ಅವಳು ಒಂದು ಗಳಿಗೆ ದಿಂಬಿನ ತಗ್ಗನ್ನು ನೋಡಿ, ಕಣ್ಣು ಮುಚ್ಚಿ, ಅದನ್ನು ತೊಟ್ಟಿಗೆ ಹಾಕಿದಳು.

ದಿಂಬು ತೇಲಿತು. ಎರಡು ಕೈಯಲ್ಲಿ ಅದುಮಿದಳು. ಕೈ ತೆಗೆದ ಕೂಡಲೇ ಮೇಲೆ ಬಂತು.

"ಅಮ್ಮೀ, ಏನ್ ಮಾಡ್ತಿದೀರಿ?" ಎಂದು ಮಗಳು ಜಿಕ್ರಾ ಓಡಿಬಂದಳು. ಗಂಡನ ಮನೆಯಿಂದ ಬೆಳಿಗ್ಗೆ ತಾನೆ ಬಂದಿದ್ದಳು, ಅತ್ತು ಅತ್ತು ಮುಖ ಊದಿತ್ತು.

"ಅಂಗಡೀಲಿ ಬೋಟಿನ ಸೀಟಿನ ತುಂಡು ಉಳಿದಿದೆ. ಮೆಷಿನ್ ಕೆಳಗೆ. ತಗೊಂಡು ಬಾ."

"ಈಗಲಾ?"

"ಬಾ ಅಂದ್ನಲ್ಲ!"

ಜಿಕ್ರಾ ತಂದದ್ದು ಅಂಗೈ ಅಗಲದ ಮಾದರಿ. ಮೇಲೆ ಬಿಳಿ ರೆಕ್ಸಿನ್ನು, ಒಳಗೆ ಸ್ಪಂಜು, ಕೆಳಗೆ ಒತ್ತಿದ ನಾರು. ಸಾಹುಕಾರರಿಗೆ ತೋರಿಸಲೆಂದು ರಹೀಮನೇ ಹೊಲಿದಿಟ್ಟಿದ್ದು. ಜೊಹರಾ ಅದನ್ನು ದಿಂಬಿನ ಪಕ್ಕದಲ್ಲಿ ಬಿಟ್ಟಳು. ಮೊದಲು ಅದೂ ತೇಲಿತು. ಆಮೇಲೆ ಅಂಚಿನಿಂದ ಗುಳ್ಳೆ ಬರತೊಡಗಿತು. ಒಂದು ಕಡೆಗೆ ವಾಲಿತು. ಟಾರ್ಪಾಲಿನ ಆಚೆ ಮತ್ತೊಂದು ಚೊಂಬು ನೀರು ಸುರಿದ ಸದ್ದಾಯಿತು, ಈಚೆ ಆ ತುಂಡು ಸದ್ದಿಲ್ಲದೆ ತೊಟ್ಟಿಯ ತಳಕ್ಕೆ ಇಳಿಯಿತು.

* * *

ಜ್ವರ ನೆತ್ತಿಗೇರಿದ ಕೊನೆಯ ದಿನಗಳಲ್ಲಿ ರಹೀಮನ ಮಾತು ಒಂದಕ್ಕೊಂದು ಸೇರುತ್ತಿರಲಿಲ್ಲ. ಚಿಕ್ಕಂದಿನ ಕೆರೆಯ ಮಾತು ತೆಗೆಯುತ್ತಿದ್ದ. ಆಗ ಹುಡುಗರು ಈಜು ಕಲಿಯುವಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. ರಹೀಮನೂ ಓಂಕಾರಪ್ಪನೂ ಒಂದೇ ಬುರುಡೆಯಲ್ಲಿ ಸರದಿ ಹಾಕಿಕೊಂಡು ಕಲಿತವರು.

"ಬುರುಡೆ ಬಿಚ್ಚಬೇಡ ಓಂಕಾರಿ" ಎಂದು ಕೂಗಿ ಎದ್ದು ಕೂರುತ್ತಿದ್ದ. ಜೊಹರಾ ಹಣೆಗೆ ಒದ್ದೆ ಬಟ್ಟೆ ಹಾಕಿ ಮತ್ತೆ ಮಲಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಮಾತ್ರ ಕಣ್ಣು ತಿಳಿಯಾಗಿದ್ದವು. ದಿಂಬಿನ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದ್ದ, "ಪ್ಲಾಸ್ಟಿಕ್ಕಲ್ಲಿ ಯಾಕೆ ಕಟ್ಟಿದ್ರು ಜೊಹರಾ?"

"ಏನನ್ನ?"

"ಹತ್ತೀನ. ನೀರು ಹೋಗಬಾರದು ಅಂತ ತಾನೆ? ಪಟ್ಟಿ ಯಾಕೆ ಹಾಕಿದ್ರು? ಹೊಲಿಯೋನು ಸುಮ್ಮಸುಮ್ಮನೆ ಪಟ್ಟಿ ಹಾಕಲ್ಲ. ನಾನು ಮೂವತ್ತು ವರ್ಷ ಹೊಲಿದೋನು, ಒಂದು ಸಲ ಯೋಚ್ನೆ ಮಾಡ್ಲಿಲ್ಲ ನೋಡು. ಸಫ್ದರಿಗೆ ಹೇಳು, ಸೀಟು ಬಿಚ್ಚಬೇಕು."

"ಗುಣ ಆಗಲಿ, ನೀವೇ ಬಿಚ್ಚಿ" ಎಂದು ಅವಳು ಗಂಜಿಯ ಚಮಚ ಬಾಯಿಗಿಟ್ಟಿದ್ದಳು. ಕಾಯಿಲೆಯವರ ಮಾತಿಗೆ ಹೂಂ ಎನ್ನುವುದು ಎಲ್ಲರ ಮನೆಯ ರೂಢಿ. ಅವನು ಗಂಜಿ ನುಂಗಿದ. ಆಮೇಲೆ ಅಂಥ ತಿಳಿ ಬೆಳಗು ಅವನಿಗೆ ಬರಲಿಲ್ಲ.

* * *

ಜಿಕ್ರಾ ಎಸ್ಟಿಡಿ ಬೂತಿನಿಂದ ಓಡಿಬಂದಾಗ ಉಸಿರು ಮೇಲಕ್ಕೂ ಕೆಳಕ್ಕೂ ಆಗುತ್ತಿತ್ತು.

"ಎಸ್ಟೇಟಿಗೆ ರಿಂಗ್ ಆಗ್ತಿದೆ ಅಮ್ಮಿ, ಯಾರೂ ಎತ್ತಲ್ಲ. ಬಂಗಲೇಲಿ ಯಾರೂ ಇಲ್ಲ ಅನ್ಸುತ್ತೆ. ಎಲ್ರೂ ಕೆರೆ ಹತ್ರ ಇರ್ಬೇಕು."

"ಓಂಕಾರಣ್ಣ ಎಲ್ಲಿ?"

"ಕಬರಿಗೆ ಹಾಸೋ ಹಲಗೆ ತಗೊಂಡು ಜೀಪಲ್ಲಿ ಕಬರಸ್ತಾನಕ್ಕೆ ಹೋಗಿದಾರೆ."

ಉಳಿದದ್ದು ಸಫ್ದರ್. ಜೊಹರಾ ಅವನನ್ನು ಅಡುಗೆಮನೆಗೆ ಕರೆಸಿದಳು. ಅಣ್ಣನ ಮೈಗೆ ಅತ್ತರು ಹಚ್ಚಿ ಬಂದಿದ್ದ ಅವನ ಕೈಯಿಂದ ಆ ವಾಸನೆ ಬರುತ್ತಿತ್ತು. ಅವಳು ಹೇಳುತ್ತ ಹೋದಂತೆ ಅವನ ಮುಖ ಬಿಳಿಚಿಕೊಂಡಿತು.

"ಭಾಬಿ, ಮೆಲ್ಲಗೆ ಮಾತಾಡಿ. ಹೊರಗೆ ಜನ ಇದಾರೆ."

"ಇರಲಿ. ನೀನು ಹೋಗು. ಇಲ್ಲ ಯಾರನ್ನಾದ್ರೂ ಕಳಿಸು."

"ಯಾರನ್ನ ಕಳಿಸಲಿ? ಏನಂತ ಕಳಿಸಲಿ? ನಮ್ಮಣ್ಣ ಮಾಡಿದ ಸೀಟಲ್ಲಿ ಕೂತರೆ ಸಾಯ್ತೀರಿ ಅಂತಲಾ? ಕಫನ್ ಬಟ್ಟೆ ಉಡಿಸಿ ಇನ್ನೂ ಗಳಿಗೆ ಆಗಿಲ್ಲ! ಇವತ್ತು ಒಂದು ದಿವಸ ಅವರ ಹೆಸರು ಕೆಡಿಸ್ಬೇಡಿ. ನಾಳೆಯಿಂದ ಈ ಅಂಗಡಿಗೆ ಒಂದು ಸ್ಕೂಟರ್ ಸೀಟು ಬರಲ್ಲ, ಗೊತ್ತಾ ನಿಮಗೆ?"

"ಆ ಹುಡುಗಿಗೆ ಈಜು ಬರಲ್ಲ ಸಫ್ದರ್."

"ಎಲ್ಲಾ ಬೋಟೂ ಮುಳುಗುತ್ತಾ? ಮಣ್ಣು ಕೊಟ್ಟು ಬಂದ ತಕ್ಷಣ ನಾನೇ ಹೋಗಿ ಸಾಹುಕಾರ್ರಿಗೆ ಹೇಳ್ತೀನಿ. ಅಲ್ಲಾನ ಮೇಲಾಣೆ."

"ಅಷ್ಟು ಹೊತ್ತಿಗೆ ಊಟ ಆಗಿರುತ್ತೆ."

ಅವನು ಕಣ್ಣೊರೆಸಿಕೊಂಡು ಹೊರಗೆ ಹೋದ. ಬಾಗಿಲ ಬಳಿ ನಿಂತಿದ್ದ ರಾಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಜೊಹರಾಳ ಕೈ ಹಿಡಿದು, "ಮಾತು ಆಡಿದರೆ ಹೋಯ್ತು ಅಂತಾರೆ ಜೊಹರಮ್ಮ. ಆದರೆ ಕೆಲವು ಮಾತು ಆಡದಿದ್ರೂ ಹೋಗ್ತದೆ" ಎಂದಳು.

ಮೂವತ್ತು ವರ್ಷ ಒಟ್ಟಿಗೆ ಬಾಳಿದವನು ಒಳಗೆ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದಾನೆ. ಅವನಿಗೆಂದು ಅಳಬೇಕಾದ ಹೊತ್ತಿನಲ್ಲಿ ಜೊಹರಾಳ ಕಣ್ಣ ಮುಂದೆ ಯಾರದೋ ಮಗು ಕೂತಿತ್ತು, ಬಿಳಿ ಕೆಂಪು ಸೀಟಿನ ಮೇಲೆ ಕಾಲು ಆಡಿಸುತ್ತ. ಗಂಡನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಹೆಣ ಹೊರುವ ಜನಾಜಾ ಅಂಗಳಕ್ಕೆ ಬಂತು. ಹೆಂಗಸರ ಅಳು ಒಮ್ಮೆಲೇ ಎದ್ದು ಮತ್ತೆ ತಗ್ಗಿತು. ಎತ್ತುವ ಮೊದಲು ಒಂದು ರೂಢಿ ಇದೆ. ಸತ್ತವನ ಮನೆಯವರು ನೆರೆದವರನ್ನು ಕೇಳಬೇಕು, ಇವನಿಂದ ಯಾರಿಗಾದರೂ ಏನಾದರೂ ಬಾಕಿ ಉಳಿದಿದೆಯೇ ಎಂದು. ಸಾಮಾನ್ಯವಾಗಿ ಮಸೀದಿಯಲ್ಲಿ ಕೇಳುವುದು. ರಹೀಮನ ಗೆಳೆಯರಲ್ಲಿ ಹಿಂದೂಗಳೇ ಹೆಚ್ಚಾದ್ದರಿಂದ ಅಂಗಳದಲ್ಲೇ ಕೇಳಿಬಿಡಲು ಇಮಾಮ್ ಸಾಹೇಬರು ಹೇಳಿದರು.

ಸಫ್ದರ್ ಮುಂದೆ ಬಂದ. "ನಮ್ಮಣ್ಣ ಅಬ್ದುಲ್ ರಹೀಮ್ ತಿಳಿದೋ ತಿಳಿಯದೆಯೋ ಯಾರಿಗಾದ್ರೂ ನೋವು ಮಾಡಿದ್ರೆ ಮಾಫ್ ಮಾಡಿ. ಅವರಿಂದ ಯಾರಿಗಾದ್ರೂ ಆಗಬೇಕಾದ್ದು ಬಾಕಿ ಇದ್ರೆ ಈಗಲೇ ಹೇಳಿ. ಹೊಣೆ ನಂದು."

"ಏನಿಲ್ಲ, ಏನಿಲ್ಲ" ಎಂದರು ಕೆಲವರು. "ದೇವರಂಥ ಮನುಷ್ಯ" ಎಂದ ಗುರುವಯ್ಯ. ಕಬರಸ್ತಾನದಿಂದ ಆಗಷ್ಟೇ ಮರಳಿದ್ದ ಓಂಕಾರಪ್ಪ ಜನಾಜದ ಮುಂದಿನ ಹಿಡಿಗೆ ಕೈ ಹಾಕಿ ಬಗ್ಗಿದ.

"ಇದೆ."

ಪರದೆಯ ಹಿಂದಿನಿಂದ ಬಂದ ಹೆಣ್ಣುದನಿಗೆ ಅಂಗಳವೆಲ್ಲ ತಿರುಗಿತು. ಸಫ್ದರ್ ಕಣ್ಣು ಮುಚ್ಚಿಕೊಂಡ.

"ಬಾಕಿ ಇದೆ" ಎಂದಳು ಜೊಹರಾ. ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ದಿಲೀಪ್ ಸಾಹುಕಾರ್ರ ಬೋಟಿಗೆ ನಮ್ಮೆಜಮಾನ್ರು ಹಾಕಿದ ಸೀಟು ತಪ್ಪು. ಅದು ತೇಲಲ್ಲ. ತೇಲೋ ಹತ್ತಿ ತೆಗೆದು ನಾರು ತುಂಬಿದಾರೆ. ಎತ್ತೋಕಾಗದ ಹಾಗೆ ಅಡಿಯಿಂದ ಸ್ಕ್ರೂ ಹಾಕಿದಾರೆ. ಗೊತ್ತಿಲ್ಲದೆ ಮಾಡಿದ್ದು. ಗೊತ್ತಾದಾಗ ಹೇಳಿದ್ರು, ನಾನು ಕೇಳಿಸ್ಕೊಳ್ಳಲಿಲ್ಲ. ಸಾಹುಕಾರ್ರು ಇವತ್ತು ಅದನ್ನೇ ನಂಬಿ ಮಕ್ಕಳನ್ನ ನೀರಿಗೆ ಕರ್ಕೊಂಡು ಹೋಗ್ತಿದಾರೆ. ಯಾರಾದ್ರೂ ಹೋಗಿ ತಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಓಂಕಾರಪ್ಪ ಹಿಡಿಯಿಂದ ಕೈ ತೆಗೆದ. ಮುಚ್ಚಿದ ಮುಖದ ಹತ್ತಿರ ಬಗ್ಗಿ, "ನಿನಗೆ ಹೆಗಲು ಕೊಡೋಕೆ ಆಗ್ಲಿಲ್ಲ ಮಾರಾಯ, ಬೇಜಾರು ಮಾಡ್ಕೋಬೇಡ" ಎಂದವನೇ ಜೀಪಿನ ಕಡೆ ಓಡಿದ.

"ಓಂಕಾರಣ್ಣ, ನಿಲ್ಲಿ!" ಜೊಹರಾ ದಿಂಬನ್ನು ಜಿಕ್ರಾಳ ಕೈಗೆ ತುರುಕಿದಳು. "ಇದನ್ನ ಕೊಡು. ಇದು ತೇಲುತ್ತೆ ಅಂತ ಹೇಳು."

ಜೀಪು ಗೋಣಿಬೀಡಿನ ದಾರಿ ಹಿಡಿಯಿತು. ಇಮಾಮ್ ಸಾಹೇಬರು ಗಂಟಲು ಸರಿಮಾಡಿಕೊಂಡು, "ಎತ್ತಿ" ಎಂದರು. ಓಂಕಾರಪ್ಪ ಬಿಟ್ಟ ಜಾಗಕ್ಕೆ ಗುರುವಯ್ಯ ಹೆಗಲು ಕೊಟ್ಟ.

ಅವರು ಹೋದ ಮೇಲೆ ಮಳೆ ಹನಿಯಿತು, ಕಾಫಿ ಹಣ್ಣಾಗುವ ಹೊತ್ತಿನಲ್ಲಿ ಬರಬಾರದ ಮಳೆ. ಒಳಗೆ ಕೂತ ಹೆಂಗಸರು ಜೊಹರಾಳಿಗೆ ಕೇಳುವಷ್ಟು ಮೆಲ್ಲಗೆ ಮಾತಾಡಿಕೊಂಡರು.

"ಹೆಣದ ಮುಂದೇನೇ ಗಂಡನ ಮಾನ ತೆಗೆದ್ಲಲ್ಲ."

"ಗಂಡಸರ ಎದುರಿಗೆ ಅಷ್ಟು ಜೋರು ದನಿ!"

"ನಿಮ್ಮ ಮಕ್ಕಳು ಬೋಟಲ್ಲಿದ್ರೆ ಇನ್ನೂ ಜೋರಾಗಿ ಕೂಗಿ ಅಂತಿದ್ರಿ" ಎಂದು ರಾಮಮ್ಮ ಲೋಟ ಕುಕ್ಕಿದಳು. "ಚಹಾ ತಣ್ಣಗಾಯ್ತು, ಕುಡೀರಿ."

ಮಣ್ಣು ಕೊಟ್ಟವರು ಮರಳಿ ಬಂದರು. ಕೈಕಾಲು ತೊಳೆದರು. ಜೀಪು ಬರಲಿಲ್ಲ. ಸಫ್ದರ್ ರಸ್ತೆಯ ಅಂಚಿನಲ್ಲಿ ಮಳೆಯಲ್ಲೇ ನಿಂತಿದ್ದ, ಒಳಗೆ ಬಾ ಎಂದರೂ ಬರಲಿಲ್ಲ. ಕೊನೆಗೆ ದೂರದಲ್ಲಿ ಹಾರ್ನ್ ಕೇಳಿತು. ಬಿಡದೆ ಒತ್ತಿ ಹಿಡಿದ ಹಾರ್ನ್. ಓಂಕಾರಪ್ಪನ ಜೀಪು ಲೈಟು ಹಾಕಿಕೊಂಡು ಮನೆಯ ಮುಂದೆ ನಿಲ್ಲದೆ ಆಸ್ಪತ್ರೆಯ ಕಡೆ ಹಾದುಹೋಯಿತು. ಹಿಂದೆಯೇ ಬಿಳಿ ಜಿಪ್ಸಿ ಹೋಯಿತು. ಕಿಟಕಿಯಿಂದ ಜೊಹರಾಳಿಗೆ ಕಂಡದ್ದು ಜೀಪಿನ ಹಿಂಬದಿಯಿಂದ ರಸ್ತೆಗೆ ಸುರಿಯುತ್ತಿದ್ದ ನೀರು ಮಾತ್ರ.

ಅವಳು ಗೋಡೆಗೆ ಒರಗಿದಳು. ಯಾ ಅಲ್ಲಾ, ಯಾ ಅಲ್ಲಾ ಎಂಬುದೊಂದು ಬಿಟ್ಟರೆ ಬೇರೆ ಪದ ಬಾಯಿಗೆ ಬರಲಿಲ್ಲ.

ಓಂಕಾರಪ್ಪ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸಾವಿನ ಮನೆಗೆಂದು ಉಟ್ಟಿದ್ದ ಬಿಳಿ ಪಂಚೆ ಕೆಸರಿನಿಂದ ಮೈಗೆ ಅಂಟಿತ್ತು. ಅಂಗಡಿಯ ಕಟ್ಟೆಯ ಮೇಲೆ ಕೂತ. ಪರದೆಯ ಈಚೆ ಜೊಹರಾ ಬಂದು ನಿಂತಳು.

"ಮಗು ಬದುಕಿದೆ ಜೊಹರಕ್ಕ" ಎಂದ ಮೊದಲು.

ಜೊಹರಾಳಿಗೆ ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು.

"ನಾನು ಕೆರೆ ಏರಿ ಹತ್ತೋ ಹೊತ್ತಿಗೆ ಬೋಟು ನಡುನೀರಲ್ಲಿತ್ತು. ಹಾರ್ನ್ ಹೊಡೆದೆ, ಟವೆಲ್ ಬೀಸಿದೆ. ಖುಷಿಗೆ ಬೀಸ್ತಿದೀನಿ ಅಂತ ತಿಳ್ಕೊಂಡು ಅವರೂ ಕೈ ಬೀಸಿದ್ರು. ತಿರುಗೋವಾಗ ಬೊಡ್ಡೆಗೆ ಹೊಡೀತು ನೋಡಿ. ಅಡಿ ಸೀಳಿಹೋಯ್ತು. ಸಾಹುಕಾರ್ರು ಸೀಟು ಎಳೀತಾರೆ, ಎಳೀತಾರೆ, ಬರಲ್ಲ. ಎರಡು ಕಾಲು ಕೊಟ್ಟು ಎಳೆದ್ರು. ಅಷ್ಟರಲ್ಲಿ ಮಗು ನೀರಿಗೆ ಬಿತ್ತು. ನಾನು ದಿಂಬು ತಳ್ಕೊಂಡು ಈಜಿದೆ. ಒಂದು ಸಲ ಮುಳುಗಿ ಎದ್ದಿತ್ತು, ಕೈಗೆ ಪಟ್ಟಿ ಸಿಕ್ತು. ಮತ್ತೆ ಬಿಡಲೇ ಇಲ್ಲ."

"ಉಳಿದೋರು?" ಎಂದ ಸಫ್ದರ್.

"ಸಾಹುಕಾರ್ರು ಈಜಿದ್ರು. ನೆಂಟರಿಗೆ ಜಾಕೆಟ್ಟಿತ್ತು. ಪಂಪ್‌ಹೌಸಿನ ಶಿವಯ್ಯ ಹಿಂದೆ ಕೂತಿದ್ದ. ಎಳೆದು ಹಾಕಿದೀವಿ, ಇನ್ನೂ ಕಣ್ಣು ಬಿಟ್ಟಿಲ್ಲ. ಬೆಳಗಾಗಲಿ, ಆಮೇಲೆ ಹೇಳ್ತೀವಿ ಅಂದಿದಾರೆ ಡಾಕ್ಟರು." ಓಂಕಾರಪ್ಪ ಮುಖ ಒರೆಸಿಕೊಂಡ. ನಗುತ್ತಾನೋ ಅಳುತ್ತಾನೋ ತಿಳಿಯುವಂತಿರಲಿಲ್ಲ. "ಬೋಟು ತಳ ಸೇರ್ತು. ನಮ್ಮ ರಹೀಂ ಕೂರಿಸಿದ ಸೀಟು ಜೊಹರಕ್ಕ, ಒಂದೂ ಅಲ್ಲಾಡಲಿಲ್ಲ."

ಸಫ್ದರ್ ತನ್ನ ಎರಡು ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಅಣ್ಣನ ಮಣ್ಣು ಇನ್ನೂ ಇತ್ತು. "ಸ್ಕ್ರೂ ತಿರುಗಿಸಿದ್ದು ನಾನು ಭಾಬಿ. ಅದಕ್ಕೇ ಬೆಳಿಗ್ಗೆ..." ಎಂದವನು ಎದ್ದು ಛತ್ರಿಯನ್ನೂ ಹಿಡಿಯದೆ ಆಸ್ಪತ್ರೆಯ ಕಡೆ ನಡೆದ, ಶಿವಯ್ಯನ ಹತ್ತಿರ ಕೂರಲು.

ಓಂಕಾರಪ್ಪ ಜೀಪಿನಿಂದ ದಿಂಬು ತಂದು ಜಿಕ್ರಾಳ ಕೈಗೆ ಕೊಟ್ಟ. "ಒಂದು ಪಟ್ಟಿ ಹೋಯ್ತಮ್ಮ. ಮಗು ಕೈಗೆ ಸುತ್ಕೊಂಡಿತ್ತು, ನರ್ಸು ಕತ್ತರೀಲಿ ಕತ್ತರಿಸಿ ಬಿಡಿಸಿದ್ರು."

ಜೊಹರಾ ಅದನ್ನು ದೀಪದ ಹತ್ತಿರ ಇಟ್ಟು ನೋಡಿದಳು. ಪಟ್ಟಿ ಕತ್ತರಿಸಿದ್ದರೂ ಬುಡದ ಹೊಲಿಗೆಯಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ. ಮೇಲಿನ ಬಟ್ಟೆ ನೆನೆದು ಕೆಸರಾಗಿತ್ತು. ಬೆರಳಿನಿಂದ ಒತ್ತಿದರೆ ಒಳಗಿನ ಹತ್ತಿ ಇನ್ನೂ ಹಗುರಾಗಿ ಪುಟಿಯುತ್ತಿತ್ತು. ರಹೀಮನ ತಲೆ ಇದ್ದ ತಗ್ಗು ಈಗ ಇರಲಿಲ್ಲ. ಅದೇ ಜಾಗದಲ್ಲಿ ಪಕ್ಕಪಕ್ಕಕ್ಕೆ ಎರಡು ಪುಟ್ಟ ಮೊಣಕೈಗಳು ಊರಿದ ಗುರುತು ಇತ್ತು.